ಹಳೆಯ ಲ್ಯಾಪ್‌ಟಾಪಿಗೆ ಯಾವ ಡಿಸ್ಕ್?

ಪ್ರಶ್ನೆ: 2012ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪಿನಲ್ಲಿ 500 ಜಿಬಿಯ ಹಾರ್ಡ್ ಡಿಸ್ಕ್ ಇದೆ. ಅರ್ಧ ಜಾಗ ಖಾಲಿಯೇ ಇದ್ದರೂ, ಆನ್ ಮಾಡಿ ಕೆಲಸ ಆರಂಭಿಸಲು ಬಹಳ ಹೊತ್ತು ಕಾಯಬೇಕು. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿದ ಹಲವು ವರ್ಷಗಳ ಪ್ರಶ್ನೆಪತ್ರಿಕೆಗಳು ಅದರಲ್ಲಿವೆ. ರಾಯಚೂರಿನ ಅಂಗಡಿಯೊಂದರಲ್ಲಿ 1 ಟಿಬಿಯ ಹೊಸ ಹಾರ್ಡ್ ಡಿಸ್ಕ್ ಹಾಕಿಸಿಕೊಳ್ಳಿ ಎಂದರು. ಹಾಕಿಸಬಹುದೇ? ಹಳೆಯ ಕಡತಗಳು ಉಳಿಯುತ್ತವೆಯೇ?
– ನಿವೃತ್ತ ಶಿಕ್ಷಕರು, ಮಾನ್ವಿ

ಉತ್ತರ: ಹಾಕಿಸಬಹುದು, ಆದರೆ ಅದರಿಂದ ನಿಮ್ಮ ತೊಂದರೆ ತೀರುವುದಿಲ್ಲ. ನಿಮಗೆ ಬೇಕಿರುವುದು ವೇಗವೇ ಹೊರತು ಜಾಗವಲ್ಲ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆಗಳಿದ್ದು, ವಿಂಡೋಸ್ ತೆರೆದುಕೊಳ್ಳುವಾಗ ಅಲ್ಲಲ್ಲಿ ಚದುರಿದ ಸಾವಿರಾರು ಸಣ್ಣ ಕಡತಗಳನ್ನು ಹುಡುಕಿ ಓದಲು ಅದರ ಮುಳ್ಳು ಅತ್ತಿಂದಿತ್ತ ಓಡಾಡುತ್ತಲೇ ಇರಬೇಕಾಗುತ್ತದೆ; ಹೊತ್ತು ಹಿಡಿಯುವುದು ಅಲ್ಲಿಯೇ. ಚಿಪ್ಪುಗಳಲ್ಲೇ ಕಡತಗಳನ್ನು ಇಡುವ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಈ ಕಾಯುವಿಕೆ ಇರುವುದಿಲ್ಲ. ಆದ್ದರಿಂದ 2.5 ಇಂಚಿನ ಸಾಟಾ (ನಿಮ್ಮ ಹಳೆಯ ಡಿಸ್ಕಿನದೇ ಬಗೆಯ ಕನೆಕ್ಟರ್ ಇರುವ) ಎಸ್‌ಎಸ್‌ಡಿಯನ್ನೇ ಕೇಳಿ ಪಡೆಯಿರಿ.

ಕೊಳ್ಳುವ ಮುನ್ನ ಎರಡು ಅಳತೆಗಳನ್ನು ಗಮನಿಸಬೇಕು. ಹಳೆಯ ಡಿಸ್ಕ್ ಬಹುಶಃ 9.5 ಮಿ.ಮೀ. ದಪ್ಪವಿದ್ದು, ಎಸ್‌ಎಸ್‌ಡಿ 7 ಮಿ.ಮೀ. ಇರುತ್ತದೆ, ಅದು ಸಡಿಲವಾಗಿ ಅಲುಗಾಡಿದರೆ ಪ್ಲಾಸ್ಟಿಕ್ಕಿನ ತೆಳು ಚೌಕಟ್ಟು ಸೇರಿಸಿದರಾಯಿತು. ಎರಡನೆಯದು, 480 ಜಿಬಿಯ ಎಸ್‌ಎಸ್‌ಡಿ ನಿಮ್ಮ 500 ಜಿಬಿ ಡಿಸ್ಕಿಗಿಂತ ಚಿಕ್ಕದಾದ್ದರಿಂದ, ಅರ್ಧ ಜಾಗ ಖಾಲಿಯಿದ್ದರೂ ಕೆಲವು ಕ್ಲೋನಿಂಗ್ (ಇಡೀ ಡಿಸ್ಕನ್ನು ಇದ್ದಂತೆಯೇ ನಕಲಿಸುವ) ತಂತ್ರಾಂಶಗಳು ಪಾರ್ಟಿಷನ್ (ಡಿಸ್ಕಿನೊಳಗಿನ ವಿಭಾಗ) ಕಿರಿದು ಮಾಡದ ಹೊರತು ನಕಲು ಮಾಡಲು ಒಪ್ಪುವುದಿಲ್ಲ.

ಕಡತಗಳ ವಿಷಯದಲ್ಲಿ ಅವಸರ ಬೇಡ. ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಕ್ಲೋನಿಂಗ್ ಮಾತು ಬಿಟ್ಟು, ಮೊದಲು ಪ್ರಶ್ನೆಪತ್ರಿಕೆಗಳನ್ನು ಪೆನ್‌ಡ್ರೈವಿಗೆ ತೆಗೆದುಕೊಳ್ಳಿ. ಸದ್ದಿಲ್ಲದಿದ್ದರೂ ಈ ಪ್ರತಿ ಇರಲೇಬೇಕು. ಅನಂತರ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಬಲ್ಲಿನಿಂದ ಹೊರಗೆ ಜೋಡಿಸಿ ಕ್ಲೋನ್ ಮಾಡಿಸಿದರೆ ವಿಂಡೋಸ್, ನುಡಿ, ಅದರ ಫಾಂಟುಗಳು ಎಲ್ಲವೂ ಇದ್ದಂತೆಯೇ ಬರುತ್ತವೆ. ಹೊಸದಾಗಿ ವಿಂಡೋಸ್ ಹಾಕಿಸಿದರೆ ನುಡಿಯನ್ನೂ ಮತ್ತೆ ಹಾಕಿಸಬೇಕು. ಇಲ್ಲವಾದರೆ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತದೆ. ಕ್ಲೋನಿಂಗ್ ಕೆಲವು ಗಂಟೆ ಹಿಡಿಯಬಹುದು. ನಮ್ಮ ಕಡೆಯ ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು, ಹಳೆಯ ಬ್ಯಾಟರಿಯನ್ನು ನಂಬುವಂತೆಯೂ ಇಲ್ಲ. ಯುಪಿಎಸ್ ಇರುವಲ್ಲಿಯೇ ಈ ಕೆಲಸ ಮಾಡಿಸಿ.

ಬದಲಾಯಿಸುವ ಕೆಲಸ ಸಣ್ಣದು. ಚಾರ್ಜರ್, ಬ್ಯಾಟರಿ ಎರಡನ್ನೂ ತೆಗೆದು, ತಳದ ಮುಚ್ಚಳ ಬಿಚ್ಚಿ, ಡಿಸ್ಕನ್ನು ಹಿಡಿದಿರುವ ಸ್ಕ್ರೂಗಳನ್ನು ಸಡಿಲಿಸಿದ ಮೇಲೆ, ಅದನ್ನು ಮೇಲಕ್ಕೆತ್ತದೆ ಕನೆಕ್ಟರಿನಿಂದ ಅಡ್ಡಕ್ಕೆ ಸರಿಸಿ ತೆಗೆಯಬೇಕು. ಮುಚ್ಚಳ ಬಿಚ್ಚಿದಾಗಲೇ ಫ್ಯಾನಿನ ಧೂಳನ್ನೂ ತೆಗೆಸಿಬಿಡಿ.

ಇಷ್ಟೆಲ್ಲ ಮಾಡಿಸಿದರೂ ಅದು 2012ರ ಯಂತ್ರವೇ. ವಿಂಡೋಸ್ 11ರ ಅಧಿಕೃತ ಅರ್ಹತೆ ಅದಕ್ಕಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ (ಭದ್ರತಾ ಅಪ್ಡೇಟುಗಳ ನೀಡಿಕೆ) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬರವಣಿಗೆಗೆ ಸಾಲುತ್ತದೆ, ಬ್ಯಾಂಕ್ ವ್ಯವಹಾರವನ್ನು ಅದರಲ್ಲಿ ಮಾಡದಿರುವುದು ಒಳ್ಳೆಯದು. ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಹೊಸದರಲ್ಲಿ ಎಲ್ಲವೂ ತೆರೆಯುತ್ತಿದೆ ಎಂದು ಖಚಿತವಾಗುವವರೆಗೆ ಅದರಲ್ಲಿ ಏನನ್ನೂ ಅಳಿಸಬೇಡಿ.