ಅನಿಲ ಉರಿಯದಿರುವುದಕ್ಕೆ ಆಮ್ಲೀಯತೆ ಕಾರಣವಿರಬಹುದು

ವಸತಿ ಸಮುಚ್ಚಯದ ಜೈವಿಕ ಅನಿಲ ಘಟಕದಲ್ಲಿ ಅನಿಲ ತುಂಬಿದರೂ ಒಲೆ ಹೊತ್ತುತ್ತಿಲ್ಲ, ತೊಟ್ಟಿಯಲ್ಲಿ ಕೊಳೆಯುವ ತ್ಯಾಜ್ಯದ ಬಗ್ಗಡ ಹುಳಿವಾಸನೆ ಬೀರುತ್ತಿದೆ ಎಂದು ನೀವು ಬರೆದಿರುವುದನ್ನು ನೋಡಿದರೆ, ಆಹಾರತ್ಯಾಜ್ಯ ಅತಿಯಾಗಿ ಬಿದ್ದು ತೊಟ್ಟಿ ಆಮ್ಲೀಯವಾಗಿರುವ ಸಾಧ್ಯತೆಯೇ ಹೆಚ್ಚು. ತೊಟ್ಟಿಯನ್ನು ಪರೀಕ್ಷಿಸದೆ ಖಚಿತವಾಗಿ ಹೇಳಲಾಗದು.

ಮೊದಲು ಆಮ್ಲೀಯತೆ ಅಳೆಯುವ ಪಿಎಚ್ ಕಾಗದದಿಂದ ಬಗ್ಗಡವನ್ನು ಪರೀಕ್ಷಿಸಿ; ಪಿಎಚ್ 7ಕ್ಕಿಂತ ಕಡಿಮೆಯಾದಷ್ಟೂ ಆಮ್ಲೀಯತೆ ಹೆಚ್ಚು. ಅದು 6.5ಕ್ಕಿಂತ ಕಡಿಮೆ ಇದ್ದರೆ, ಉರಿಯುವ ಅನಿಲವಾದ ಮೀಥೇನ್ ಉತ್ಪಾದಿಸುವ ಸೂಕ್ಷ್ಮಜೀವಿಗಳು ಸೊರಗಿ, ಅನಿಲದಲ್ಲಿ ಉರಿಯದ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಕೂಡಲೇ ತ್ಯಾಜ್ಯ ಹಾಕುವುದನ್ನು ನಿಲ್ಲಿಸಿ, ಸುಣ್ಣದ ತಿಳಿಯನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ, ಪಿಎಚ್ 7ರ ಆಸುಪಾಸಿಗೆ ಬಂದ ಮೇಲೆ ಹಸಿ ಸಗಣಿಯ ಬಗ್ಗಡ ಸೇರಿಸಿ. ಜ್ವಾಲೆ ಸ್ಥಿರವಾದ ನಂತರವೇ ಹಿಂದಿನ ಪ್ರಮಾಣದ ಅರ್ಧದಷ್ಟು ತ್ಯಾಜ್ಯದಿಂದ ಮತ್ತೆ ಆರಂಭಿಸಿ. ನಿಂಬೆ, ಕಿತ್ತಳೆ ಸಿಪ್ಪೆಗಳನ್ನು ದೂರವಿಡುವುದು ಲೇಸು. ಚೇತರಿಕೆಗೆ ಕೆಲವು ವಾರಗಳೇ ಹಿಡಿಯಬಹುದು.

ಅನಿಲವನ್ನು ಹೊರಬಿಟ್ಟರೆ ಪರಿಸರಕ್ಕೆ ಹಾನಿಯೇ ಎಂಬ ಪ್ರಶ್ನೆಗೆ ಉತ್ತರ, ಹೌದು. 100 ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ತಾಪ ಹಿಡಿದಿಡುವುದರಿಂದ, ಸೋರುವ ಘಟಕವು ತ್ಯಾಜ್ಯದಿಂದ ಇಂಧನ ಪಡೆಯುವ ಲಾಭವನ್ನೇ ಕರಗಿಸುತ್ತದೆ. ಆದ್ದರಿಂದ ಕೊಳವೆಯ ಕೀಲುಗಳಿಗೆ ಸಾಬೂನಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ವಿಷಕಾರಿಯಾದ ಹೈಡ್ರೋಜನ್ ಸಲ್ಫೈಡ್. ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡಬೇಡಿ, ತೊಟ್ಟಿಯೊಳಗಂತೂ ಯಾರನ್ನೂ ಇಳಿಸಬೇಡಿ.

ನಿಮ್ಮ ಸಮಿತಿಯವರು ಹೇಳುವಂತೆ ಬಗ್ಗಡವನ್ನು ಮಳೆನೀರಿನ ಚರಂಡಿಗೆ ಬಿಡುವುದು ಸರಿಯಲ್ಲ, ಅದರ ಸಾರಜನಕ ಮತ್ತು ರಂಜಕ ಕೆರೆ ಸೇರಿ ಪಾಚಿಯನ್ನು ಬೆಳೆಸುತ್ತವೆ. ಒಣ ಎಲೆಗಳೊಂದಿಗೆ ಕಾಂಪೋಸ್ಟ್ ಗುಂಡಿಗೆ ಹಾಕಿ. ಹುಳಿವಾಸನೆ ಹೋದ ಬಳಿಕವೇ ನೀರು ಬೆರೆಸಿ ಗಿಡಗಳಿಗೆ ಕೊಡಿ.