ಮನಸ್ಸಿನೊಳಗೇ ನಡೆಯುವ ಕಥೆಯನ್ನು ಕಿರುಚಿತ್ರ ಮಾಡುವಾಗ

12 ಪುಟದ ಕಥೆ, ಮುಕ್ಕಾಲು ಪಾಲು ಮಗನಿಗಾಗಿ ಕಾಯುವ ಅಪ್ಪನ ಯೋಚನೆಯೇ, ವಾಯ್ಸ್ ಓವರ್ (ಚಿತ್ರದ ಮೇಲೆ ಕೇಳಿಸುವ ಹಿನ್ನೆಲೆ ದನಿ) ಇಲ್ಲದೆ 15 ನಿಮಿಷಕ್ಕೆ ತರುವುದು ಹೇಗೆ ಅಂತ ಕೇಳಿದ್ದೀರಿ. ಮೊದಲು ಹಕ್ಕಿನ ಮಾತು. ಲೇಖಕರಿಂದ, ಅವರಿಲ್ಲದಿದ್ದರೆ ವಾರಸುದಾರರಿಂದ, ಲಿಖಿತ ಒಪ್ಪಿಗೆ ತಗೊಳ್ಳಿ. ಯೂಟ್ಯೂಬ್, ಚಿತ್ರೋತ್ಸವ ಎರಡೂ ಅದರಲ್ಲಿ ಬರಲಿ. ಫೋನಿನಲ್ಲಿ "ಮಾಡ್ಕೊಳ್ಳಿ" ಅಂದದ್ದು ನಾಳೆ ಯಾರಾದರೂ ಕಾಗದ ಕೇಳಿದರೆ ನಿಲ್ಲುವುದಿಲ್ಲ.

ಇನ್ನು ಕಥೆಗೆ ಬರೋಣ. ಪೆನ್ಸಿಲ್ ಹಿಡಿದು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ವಾಕ್ಯಗಳ ಕೆಳಗೆ ಮಾತ್ರ ಗೆರೆ ಎಳೆಯಿರಿ. ಉಳಿದದ್ದೆಲ್ಲ "ಅನ್ನಿಸಿತು", "ನೆನಪಾಯಿತು", "ಗೊತ್ತಿತ್ತು". ಇಲ್ಲೇ ಬಹಳ ಜನ ಒಬ್ಬ ಗೆಳೆಯನ ಪಾತ್ರ ಹುಟ್ಟಿಸಿ, ಅಪ್ಪ ಅವನ ಮುಂದೆ ಎಲ್ಲ ತೋಡಿಕೊಳ್ಳುವ ಹಾಗೆ ಮಾಡುತ್ತಾರೆ. ಅದೂ ವಾಯ್ಸ್ ಓವರೇ, ಬಾಯಿ ಕಾಣುತ್ತದೆ ಅಷ್ಟೇ! ತಿರುಗಿಸಿ ನೋಡಿ: ಅಪ್ಪನಿಗೆ ಮನಸ್ಸು ಬಿಚ್ಚಲು ಜನ ಬೇಡ, ಮುಚ್ಚಿಡಲು ಜನ ಬೇಕು. "ಮಗ ಬರುವುದಿಲ್ಲ ಅಂತ ಅವನಿಗೆ ಗೊತ್ತಿತ್ತು" ಅನ್ನುವ ಸಾಲು ಇದೆ ಅಂತಿಟ್ಟುಕೊಳ್ಳಿ. ಪಕ್ಕದ ಮನೆಯವರು "ಮಗ ಯಾವಾಗ ಬರ್ತಾನೆ?" ಅಂದಾಗ "ಭಾನುವಾರ" ಅನ್ನುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಅಂಚೆಯವನಿಗೆ "ಮುಂದಿನ ತಿಂಗಳು" ಅನ್ನುತ್ತಾನೆ. ಮುಖದ ಕ್ಲೋಸಪ್ಪೂ ಬೇಡ, ನೋಡುವವರಿಗೆ ಎಲ್ಲ ತಿಳಿಯಿತು.

ಫ್ಲ್ಯಾಶ್‌ಬ್ಯಾಕ್ ಬಿಟ್ಟುಬಿಡಿ ಅನ್ನುವುದು ನನ್ನ ಅಭಿಪ್ರಾಯ. ಅಮೆರಿಕದ ಲೇಖಕ ಆಂಬ್ರೋಸ್ ಬಿಯರ್ಸ್ 1890ರಲ್ಲಿ ಬರೆದ 'ಔಲ್ ಕ್ರೀಕ್ ಬ್ರಿಡ್ಜ್' ಕಥೆಯ ನಡುವಿನ ಇಡೀ ಭಾಗ, ನಾಯಕ ನೇಣಿನವರೆಗೆ ಹೇಗೆ ಬಂದ ಅನ್ನುವ ಹಿನ್ನೆಲೆ. ಫ್ರೆಂಚ್ ನಿರ್ದೇಶಕ ರಾಬರ್ ಎನ್ರಿಕೋ 1961ರಲ್ಲಿ ಅದನ್ನು ಅರ್ಧ ಗಂಟೆಯೊಳಗಿನ ಚಿತ್ರ ಮಾಡಿದಾಗ ಆ ಕೆಲಸವನ್ನು ಶುರುವಿನಲ್ಲಿ ತೋರಿಸುವ ಸೇನೆಯ ಒಂದು ನೋಟಿಸಿಗೆ ಬಿಟ್ಟ. ಸಂಭಾಷಣೆಯೂ ಇಲ್ಲವೆನ್ನುವಷ್ಟೇ. ನಿಮ್ಮ ಕಥೆಯಲ್ಲಿ ಅಪ್ಪ-ಮಗನ ಜಗಳದ ಹಿನ್ನೆಲೆಗೂ ಅಂಥ ಒಂದು ವಸ್ತು ಸಿಗುತ್ತದಾ ಹುಡುಕಿ.

ಉದ್ದದ ಲೆಕ್ಕ: ಚಿತ್ರಕಥೆಯ ಒಂದು ಪುಟಕ್ಕೆ ಒಂದು ನಿಮಿಷ ಅನ್ನುತ್ತಾರೆ, ಆದರೆ ಮಾತಿಲ್ಲದ ಪುಟ ಅದಕ್ಕಿಂತ ಎಳೆಯುತ್ತದೆ. ಕಾಯುವ ಕಥೆಯಾದ್ದರಿಂದ 10 ಪುಟ ದಾಟಬೇಡಿ. ಕಥೆಯ ಕೊನೆಯ ಸಾಲು ಎಷ್ಟೇ ಚೆನ್ನಾಗಿರಲಿ, ಅದನ್ನು ಯಾರ ಬಾಯಿಗೂ ಹಾಕಬೇಡಿ.

ಪಕ್ಕದ ಮನೆಯವರ ದೃಶ್ಯ ಮೊದಲು ಬರೆದು ಇಲ್ಲೇ ಹಾಕಿ, ಎಷ್ಟು ಮಾತು ಕತ್ತರಿಸಬಹುದು ನೋಡೋಣ.