ಸಂಪಾದಕರ ಉತ್ತರ: ನಾಲ್ಕು ಗಂಟೆಗೆ ಏಳುವ ಮಾತು ಆಮೇಲೆ

ಹೆಸರು ಹಾಕಬೇಡಿ ಎಂದು ಕೇಳಿಕೊಂಡ ಓದುಗರೊಬ್ಬರ ದೀರ್ಘ ಪತ್ರದ ಸಾರ ಹೀಗಿದೆ. ಅವರು ಕೆಲಸಕ್ಕೆ ಹೋಗುವವರು, ಇಬ್ಬರು ಮಕ್ಕಳ ತಾಯಿ. ಚರ್ಚಿನ ಸಭೆಯಲ್ಲಿ ಗಾಯನ ತಂಡ, ಭಾನುವಾರದ ಶಾಲೆ, ಸ್ತ್ರೀಯರ ಕೂಟ, ಶುಕ್ರವಾರದ ಪ್ರಾರ್ಥನೆ, ಸಾಲದ್ದಕ್ಕೆ ಆಡಳಿತ ಸಮಿತಿ. ಹೊರಗಿನಿಂದ ಬಂದ ಬೋಧಕರೊಬ್ಬರು, ಬೆಳಿಗ್ಗೆ ನಾಲ್ಕಕ್ಕೆ ಏಳದವರು ದೇವರಿಗೆ ಎಂಜಲು ಹೊತ್ತನ್ನು ಕೊಡುವವರು ಎಂದರಂತೆ. ಅಂದಿನಿಂದ ನಾಲ್ಕಕ್ಕೆ ಅಲಾರಾಂ, ತೆರೆದ ಬೈಬಲಿನ ಮುಂದೆ ತೂಕಡಿಕೆ, ಸಂಜೆ ಮಕ್ಕಳ ಮೇಲೆ ರೇಗಾಟ, ರಾತ್ರಿ ಅದಕ್ಕಾಗಿ ಅಳು. “ದೇವರು ಕೊಟ್ಟ ಸಮಯವನ್ನು ನಾನು ಹಾಳುಮಾಡುತ್ತಿದ್ದೇನೆಯೇ? ತಲಾಂತನ್ನು ಹೂತಿಟ್ಟವನ ಗತಿ ನನಗೂ ಬರುತ್ತದೆಯೇ?” ಎಂಬುದು ಅವರ ಪ್ರಶ್ನೆ. (ತಲಾಂತು ಎಂದರೆ ಯೇಸು ಹೇಳಿದ ಸಾಮ್ಯಕಥೆಯಲ್ಲಿ ಯಜಮಾನ ಆಳುಗಳಿಗೆ ಒಪ್ಪಿಸಿದ ಹಣ. ಅದನ್ನು ದುಡಿಸದೆ ಹೂತಿಟ್ಟವನು ಶಿಕ್ಷೆಗೆ ಗುರಿಯಾದ.)

ಸಹೋದರಿಯವರೇ, ಬೇಗ ಏಳುವುದನ್ನು ನಾವು ಹಳಿಯುವುದಿಲ್ಲ. ಸೋಮಾರಿಯನ್ನು ಇರುವೆಯ ಹತ್ತಿರ ಕಳಿಸುವ ಜ್ಞಾನೋಕ್ತಿ ಇದ್ದೇ ಇದೆ. 18ನೇ ಶತಮಾನದ ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್ ಇನ್ನೂ 19ರ ಹರೆಯದಲ್ಲಿ ಬರೆಯತೊಡಗಿದ 70 ನಿರ್ಣಯಗಳಲ್ಲಿ ಐದನೆಯದು, ಒಂದು ಕ್ಷಣವನ್ನೂ ವ್ಯರ್ಥಮಾಡಬಾರದು ಎಂಬುದೇ. ಶಿಸ್ತು ಬೇಕು. ಒಪ್ಪಿದೆವು. ಆದರೆ ನಿಮ್ಮ ಪತ್ರದಲ್ಲಿ ಸೋಮಾರಿತನ ಎಲ್ಲಿದೆಯೆಂದು ಎರಡು ಸಲ ಓದಿ ಹುಡುಕಿದರೂ ಸಿಗಲಿಲ್ಲ. ಸೋಮಾರಿಗೆ ಬರೆದ ಔಷಧವನ್ನು ದಣಿದವರಿಗೆ ಕುಡಿಸಿದರೆ ಏನಾಗಬೇಕೋ ಅದೇ ನಿಮಗೆ ಆಗಿದೆ.

ನಸುಕಿನ ಪ್ರಾರ್ಥನೆಗೆ ಆಧಾರವಾಗಿ ಎಲ್ಲರೂ ಎತ್ತಿಕೊಳ್ಳುವುದು ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದ 35ನೇ ವಚನವನ್ನು. ಯೇಸುಸ್ವಾಮಿ ಬೆಳಕು ಹರಿಯುವ ಮೊದಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರು. ಬೋಧಕರು ಅಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ನೀವು ಇನ್ನು ಮೂರು ವಚನ ಓದಿ. ಹಿಂದಿನ ಸಂಜೆ ಕಪೆರ್ನೌಮಿನ ಊರೆಲ್ಲ ಬಾಗಿಲಲ್ಲಿ ನೆರೆದಿತ್ತು. ಬೆಳಿಗ್ಗೆ ಸೀಮೋನ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎನ್ನುತ್ತಾನೆ. ಯಾವ ಸಭೆಯ ಕಾರ್ಯದರ್ಶಿಯೂ ಆಡುವ ಮಾತೇ ಅದು. ಅದಕ್ಕೆ ಸಿಕ್ಕ ಉತ್ತರ: ಬೇರೆ ಊರುಗಳಿಗೆ ಹೋಗೋಣ, ನಾನು ಹೊರಟುಬಂದದ್ದೇ ಅದಕ್ಕೆ. ಬಾಗಿಲಲ್ಲಿ ಕಾದವರು ಕಾದೇ ಇದ್ದರು. ಆ ಪ್ರಾರ್ಥನೆ ದಿನಕ್ಕೆ ಇನ್ನೊಂದಿಷ್ಟು ಕೆಲಸ ತುರುಕಲಿಲ್ಲ. ಇವತ್ತು ಯಾವ ಕೆಲಸ ಬೇಡ ಎಂಬುದನ್ನು ತೀರ್ಮಾನಿಸಿತು. ಕಾಲವನ್ನು ಸದುಪಯೋಗಮಾಡಿಕೊಳ್ಳಿರಿ ಎಂದು ಎಫೆಸದವರಿಗೆ ಬರೆದ ಪೌಲನೂ ಮರುವಚನದಲ್ಲೇ, ಕರ್ತನ ಚಿತ್ತವೇನೆಂದು ತಿಳಿದುಕೊಳ್ಳಿರಿ ಎನ್ನುತ್ತಾನೆ. ತಿಳಿಯುವ ಕೆಲಸ ಬಿಟ್ಟು ತುಂಬುವ ಕೆಲಸಕ್ಕೆ ಇಳಿದವರೇ ನಮ್ಮಲ್ಲಿ ಹೆಚ್ಚು.

ನಾಲ್ಕು ಗಂಟೆಯ ಬೋಧಕರು ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಹೆಸರನ್ನೂ ತಪ್ಪದೆ ಎತ್ತುತ್ತಾರೆ. ಎತ್ತಲಿ, ಪೂರ್ತಿ ಎತ್ತಲಿ. ನಿದ್ದೆಯ ಬಗ್ಗೆಯೇ ಮೀಸಲಾದ ತನ್ನ 1782ರ ಪ್ರಸಂಗದಲ್ಲಿ ವೆಸ್ಲಿ ತಾನು ಮಾಡಿದ ಪರೀಕ್ಷೆಯನ್ನು ವಿವರಿಸುತ್ತಾನೆ. ಯೌವನದಲ್ಲಿ ದಿನವೂ ನಡುರಾತ್ರಿ ಎಚ್ಚರವಾಗುತ್ತಿತ್ತು. ಹಾಸಿಗೆಯಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ಇರುವುದರಿಂದಲೇ ಹೀಗೆ ಎಂದುಕೊಂಡು ಮೊದಲ ದಿನ ಏಳಕ್ಕೆ, ಮರುದಿನ ಆರಕ್ಕೆ, ಆಮೇಲೆ ಐದಕ್ಕೆ, ನಾಲ್ಕನೆಯ ದಿನ ನಾಲ್ಕಕ್ಕೆ ಎದ್ದ. ಆ ರಾತ್ರಿಯಿಂದ ನಡುವೆ ಎಚ್ಚರವಾಗಲಿಲ್ಲ. ಅಂದರೆ ತನ್ನ ದೇಹಕ್ಕೆ ಎಷ್ಟು ನಿದ್ದೆ ಬೇಕೆಂದು ಅಳೆದುಕೊಂಡ. ಆರೋಗ್ಯವಂತ ಗಂಡಸಿಗೆ ಆರು ಗಂಟೆಗಿಂತ ತುಸು ಹೆಚ್ಚು, ಹೆಂಗಸಿಗೆ ಏಳಕ್ಕಿಂತ ತುಸು ಹೆಚ್ಚು ಬೇಕೆಂದೂ ಅದೇ ಪ್ರಸಂಗದಲ್ಲಿದೆ. ಏಳು ಗಂಟೆ ನಿದ್ದೆ ಮಾಡಿ ನಾಲ್ಕಕ್ಕೆ ಏಳಬೇಕಾದರೆ ರಾತ್ರಿ ಒಂಬತ್ತಕ್ಕೆ ಕಣ್ಣು ಮುಚ್ಚಿರಬೇಕು. ನಿಮ್ಮ ಶುಕ್ರವಾರದ ಪ್ರಾರ್ಥನೆ ಮುಗಿಯುವುದೇ ಒಂಬತ್ತೂವರೆಗೆ ಎಂದು ನೀವೇ ಬರೆದಿದ್ದೀರಿ.

ನಿದ್ದೆಯನ್ನು ಕದ್ದು ದೇವರಿಗೆ ಕೊಡುವುದು ಭಕ್ತಿಯೆಂದು ಯಾರು ಕಲಿಸಿದರೋ. ಚೂರೆಮರದ ಕೆಳಗೆ ಸಾಯಬೇಕೆಂದು ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ತಂದದ್ದು ಉಪದೇಶವನ್ನಲ್ಲ, ರೊಟ್ಟಿ ಮತ್ತು ನೀರು. ತಿಂದ, ಮತ್ತೆ ಮಲಗಿದ. ಎರಡನೆಯ ಸಲವೂ ಊಟವೇ ಬಂತು, ದೇವರ ಮಾತು ಬಂದದ್ದು ಬಹಳ ದಿನಗಳ ನಂತರ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ಸನ್ಯಾಸಿಗಳಿಗೆ ಬರೆದ ನಿಯಮವನ್ನು ಜನ ಕಠೋರವೆಂದು ಭಾವಿಸುತ್ತಾರೆ. ಅದರ 8ನೇ ಅಧ್ಯಾಯ, ಚಳಿಗಾಲದಲ್ಲಿ ನಡುರಾತ್ರಿ ದಾಟಿ ಇನ್ನಷ್ಟು ಹೊತ್ತು ಮಲಗಲಿ, ಉಂಡದ್ದು ಅರಗಿದ ಮೇಲೆ ಏಳಲಿ ಎನ್ನುತ್ತದೆ. ಸೋಮಾರಿತನ ಆತ್ಮದ ಶತ್ರು ಎಂದು ಶುರುವಾಗುವ 48ನೇ ಅಧ್ಯಾಯದಲ್ಲೇ ಬೇಸಿಗೆಯ ಮಧ್ಯಾಹ್ನದ ವಿಶ್ರಾಂತಿಯೂ ಇದೆ. ಆಗ ಯಾರಾದರೂ ಓದುವುದಾದರೆ ಮಲಗಿದವರಿಗೆ ತೊಂದರೆಯಾಗದಂತೆ ಓದಲಿ ಎಂಬಷ್ಟು ಸೂಕ್ಷ್ಮವಾಗಿ ಬರೆದಿದ್ದಾನೆ. ಆ ನಿಯಮ ಬರೆದವನಿಗೆ ದೇಹವೆಂದರೆ ಏನೆಂದು ಗೊತ್ತಿತ್ತು.

ಈಗ ನಿಮ್ಮ ಲೆಕ್ಕ. ನಮ್ಮ ದಿನಗಳನ್ನು ಎಣಿಸಲು ಕಲಿಸು ಎಂದು 90ನೇ ಕೀರ್ತನೆ ಬೇಡುತ್ತದೆ, ನಾವು ಗಂಟೆಗಳನ್ನು ಎಣಿಸೋಣ. ವಾರಕ್ಕೆ 168. ನಿದ್ದೆಗೆ ದಿನಕ್ಕೆ ಏಳೂವರೆಯಂತೆ 52.5. ಕೆಲಸ ಮತ್ತು ಅದರ ಪ್ರಯಾಣಕ್ಕೆ ಆರು ದಿನ ಒಂಬತ್ತರಂತೆ 54. ಅಡುಗೆ, ಊಟ, ಸ್ನಾನ, ಮನೆಗೆಲಸ ದಿನಕ್ಕೆ ನಾಲ್ಕರಂತೆ 28. ಉಳಿದದ್ದು 33.5. ಇನ್ನು ಸಭೆ: ಆರಾಧನೆ 3, ಗಾಯನ ಅಭ್ಯಾಸ ಎರಡು ಸಂಜೆ 4, ಭಾನುವಾರದ ಶಾಲೆ ತಯಾರಿಯೂ ಸೇರಿ 3.5, ಸ್ತ್ರೀಯರ ಕೂಟ 2, ಶುಕ್ರವಾರ 2.5, ಸಮಿತಿ 1. ಆರು ಸಲ ಹೋಗಿ ಬರಲು ತಲಾ 40 ನಿಮಿಷವೆಂದರೂ 4. ಒಟ್ಟು 20. ಮಿಕ್ಕಿದ್ದು ಹದಿಮೂರೂವರೆ ಗಂಟೆ, ದಿನಕ್ಕೆ ಎರಡೂ ಇಲ್ಲ. ಮಕ್ಕಳ ಪಾಠ, ಗಂಡನ ಜೊತೆ ಮಾತು, ಯಾರದಾದರೂ ಜ್ವರ, ನಿಮ್ಮ ಸ್ವಂತ ಪ್ರಾರ್ಥನೆ, ಎಲ್ಲವೂ ಇದರಲ್ಲೇ ಆಗಬೇಕು. ಆಗದಿದ್ದಾಗ ನಾಲ್ಕು ಗಂಟೆಯ ಅಲಾರಾಂ ನಿದ್ದೆಯ ಕಂತಿನಿಂದ ಸಾಲ ಎತ್ತುತ್ತದೆ.

ನಮ್ಮ ಅಂದಾಜನ್ನು ನಂಬಬೇಡಿ, ಒಂದು ವಾರ ನೀವೇ ಬರೆದಿಡಿ. ಒಂದು ಹಾಳೆಯಲ್ಲಿ ಏಳು ಕಂಬ, ಅರ್ಧ ಗಂಟೆಗೊಂದು ಗೆರೆ. ಈ ಲೆಕ್ಕ ಕೆಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ರಾತ್ರಿ ಕೂತು ನೆನಪಿನಿಂದ ಬರೆದರೆ ನೆನಪು ಫೋನಿನ ಹೊತ್ತನ್ನು ಕಡಿಮೆ ಮಾಡಿ ಪ್ರಾರ್ಥನೆಯ ಹೊತ್ತನ್ನು ಹಿಗ್ಗಿಸುತ್ತದೆ, ಹಾಗಾಗಿ ಊಟದ ಹೊತ್ತಿಗೊಮ್ಮೆ, ಮಲಗುವಾಗೊಮ್ಮೆ ಬರೆಯಿರಿ. ಇನ್ನೊಂದು, ಬರೆಯುವ ವಾರವೇ ಸುಧಾರಿಸಲು ಹೊರಡುವುದು. ಆ ವಾರ ಏನನ್ನೂ ತಿದ್ದಬೇಡಿ, ಇದ್ದದ್ದು ಇದ್ದಂತೆ ಕಾಣಲಿ.

ತಲಾಂತಿನ ಸಾಮ್ಯವನ್ನು ಹೆದರಿಸಲು ಬಳಸುವವರು ಮತ್ತಾಯ 25ರ 15ನೇ ವಚನವನ್ನು ಹಾರಿಸಿಬಿಡುತ್ತಾರೆ. ಐದು, ಎರಡು, ಒಂದು ಎಂದು ಯಜಮಾನ ಹಂಚಿದ್ದು ಅವರವರ ಸಾಮರ್ಥ್ಯಕ್ಕೆ ತಕ್ಕಂತೆ. ಎರಡಕ್ಕೆ ಎರಡು ಸಂಪಾದಿಸಿದವನನ್ನು ಉಳಿದ ಆರು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಐದರವನಿಗೆ ಸಿಕ್ಕ ಶಹಬ್ಬಾಸ್‌ಗಿರಿಯೇ ಅವನಿಗೂ ಸಿಕ್ಕಿತು. ನಿಮ್ಮ ಕೈಯಲ್ಲಿರುವುದು ಎರಡು, ನೀವು ಐದರವರ ವ್ಯಾಪಾರ ಮಾಡಲು ಹೊರಟಿದ್ದೀರಿ. ಸ್ವಲ್ಪ ಗದರಲೇಬೇಕು: ಇದರಲ್ಲಿ ವಿನಯಕ್ಕಿಂತ, ನಾನಿಲ್ಲದೆ ನಡೆಯದು ಎಂಬ ಭಾವನೆಯೇ ಹೆಚ್ಚಿದೆ.

ಬೆಳಗಿನ ಧ್ಯಾನಕ್ಕೆ ಇಪ್ಪತ್ತು ನಿಮಿಷ ಸಾಕು, ಅದು ನಿಮಗೆ ಎಚ್ಚರವಿರುವ ಹೊತ್ತಾಗಿರಲಿ, ಐದೂಮುಕ್ಕಾಲಾದರೂ ಸರಿ. ಒಂದು ಕೀರ್ತನೆ, ಹೊಸ ಒಡಂಬಡಿಕೆಯ ಒಂದು ಅಧ್ಯಾಯ, ಉಳಿದ ಹೊತ್ತು ಪ್ರಾರ್ಥನೆ. ಪಕ್ಕದಲ್ಲಿ ಒಂದು ಚೀಟಿ ಮತ್ತು ಪೆನ್ಸಿಲ್ ಇರಲಿ. ‘ಶುಲ್ಕ ಕಟ್ಟಬೇಕು’ ಎಂದು ಮನಸ್ಸು ಎದ್ದು ಓಡಿದಾಗ ಅದನ್ನು ಬರೆದಿಟ್ಟು ವಾಪಸು ಬನ್ನಿ. ಬರೆಯದಿದ್ದರೆ ಅದು ಆಮೆನ್ ಅನ್ನುವವರೆಗೂ ಬಿಡುವುದಿಲ್ಲ. ಫೋನಿನಲ್ಲಿ ಓದಬೇಡಿ, ಕಾರಣ ನಿಮಗೇ ಗೊತ್ತು. ಪ್ರಾರ್ಥಿಸಬೇಕಾದವರ ಹೆಸರು 35 ಇದ್ದರೆ ದಿನಕ್ಕೆ ಐದರಂತೆ ವಾರಕ್ಕೆ ಹಂಚಿ. ಎಲ್ಲವನ್ನೂ ದಿನವೂ ಓಡಿಸಿದರೆ ಅದು ಹಾಜರಿ ಕರೆದಂತಾಗುತ್ತದೆ.

ವರ್ಷಕ್ಕೊಮ್ಮೆ ಇಡೀ ಬೈಬಲ್ ಓದುವ ಪ್ರತಿಜ್ಞೆಯ ವಿಷಯ. 1189 ಅಧ್ಯಾಯ, ದಿನಕ್ಕೆ ಮೂರಕ್ಕಿಂತ ಸ್ವಲ್ಪ ಹೆಚ್ಚು. ಜನವರಿ ಒಂದಕ್ಕೆ ಹೊರಟವರು 23ರ ಸುಮಾರಿಗೆ ವಿಮೋಚನಕಾಂಡದ ಗುಡಾರದ ಅಳತೆಗಳಿಗೆ, 28ರ ಸುಮಾರಿಗೆ ಯಾಜಕಕಾಂಡಕ್ಕೆ ಬರುತ್ತಾರೆ. ಬಹಳಷ್ಟು ಪ್ರತಿಜ್ಞೆಗಳ ಸಮಾಧಿ ಅಲ್ಲೇ ಇದೆ. ನಿಜಕ್ಕೂ ಕೊಲ್ಲುವುದು ಯಾಜಕಕಾಂಡವಲ್ಲ, ಬಾಕಿ. ನಾಲ್ಕು ದಿನ ತಪ್ಪಿದರೆ 13 ಅಧ್ಯಾಯ ಸಾಲ ಬೀಳುತ್ತದೆ, ಅದನ್ನು ಒಂದೇ ರಾತ್ರಿ ತೀರಿಸಲು ಹೋಗಿ ಪುಸ್ತಕವನ್ನೇ ಬಿಡುತ್ತಾರೆ. ತಪ್ಪಿದ್ದನ್ನು ಬಿಟ್ಟು ಇವತ್ತಿನ ತಾರೀಖಿನ ಭಾಗ ಓದಿ. ಅದಕ್ಕಿಂತ ಹಗುರವಾದದ್ದು ಹೊಸ ಒಡಂಬಡಿಕೆ: 260 ಅಧ್ಯಾಯ, ವಾರಕ್ಕೆ ಐದರಂತೆ ಸರಿಯಾಗಿ 52 ವಾರ. ವಾರದಲ್ಲಿ ಎರಡು ದಿನ ತಪ್ಪಿದರೂ ಲೆಕ್ಕ ಕೆಡುವುದಿಲ್ಲ.

ಇನ್ನು ವಿಶ್ರಾಂತಿಯ ದಿನ. ಸಭೆಯಲ್ಲಿ ದುಡಿಯುವವರಿಗೆ ಭಾನುವಾರವೇ ವಾರದ ಅತಿ ದಣಿವಿನ ದಿನ, ಆದ್ದರಿಂದ ಬೇರೆ ಹೊತ್ತು ಹುಡುಕಿಕೊಳ್ಳಬೇಕು. ಪೂರ್ತಿ 24 ಗಂಟೆ ಆಗದಿದ್ದರೆ ಶನಿವಾರ ಸಂಜೆ ಆರರಿಂದ ಮಲಗುವವರೆಗೆ, ಪ್ರತಿ ವಾರ ಅದೇ ಹೊತ್ತು. ಇದು ಸೋಲುವುದು ತಯಾರಿಯಿಲ್ಲದೆ. ಅರಣ್ಯದಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಆಹಾರವಾದ ಮನ್ನವನ್ನು ಆರನೆಯ ದಿನ ಎರಡರಷ್ಟು ಕೂಡಿಸಿಕೊಳ್ಳಬೇಕಿತ್ತಲ್ಲ, ಹಾಗೆಯೇ ಬಟ್ಟೆ, ಬಿಲ್ಲು, ಮರುದಿನದ ಪಾಠ ಎಲ್ಲವೂ ಶುಕ್ರವಾರದೊಳಗೆ ಮುಗಿಯಬೇಕು. ಒಂದು ಮಾತು ನಿಮ್ಮ ಮನೆಯವರಿಗೆ ಓದಿ ಹೇಳಿ. ಧರ್ಮೋಪದೇಶಕಾಂಡದ ಐದನೇ ಅಧ್ಯಾಯದಲ್ಲಿ ಸಬ್ಬತ್ತಿನ, ಅಂದರೆ ವಿಶ್ರಾಂತಿಯ ದಿನದ, ಆಜ್ಞೆ ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಪರದೇಶಿ ಎಂದು ಒಬ್ಬೊಬ್ಬರನ್ನೂ ಹೆಸರಿಸುತ್ತದೆ. ಹೆಂಡತಿಯ ಹೆಸರು ಬೇರೆಯಾಗಿ ಇಲ್ಲ, ಏಕೆಂದರೆ ಆಜ್ಞೆ ನೇರವಾಗಿ ಆಕೆಗೂ ಬಂದಿದೆ. ಎತ್ತಿಗೂ ಕತ್ತೆಗೂ ಬಿಡುವು ಕೊಟ್ಟು ಆಕೆಯನ್ನು ಒಲೆಯ ಮುಂದೆ ಬಿಟ್ಟ ಮನೆಗಳು ಯಾವ ಬೈಬಲ್ ಓದುತ್ತಿವೆಯೋ ತಿಳಿಯದು.

ನಿಮ್ಮೊಬ್ಬರಿಗೇ ಬುದ್ಧಿ ಹೇಳಿ ಮುಗಿಸಿದರೆ ಅನ್ಯಾಯವಾದೀತು. ಸಮಯ ತಿನ್ನುವುದರಲ್ಲಿ ನಮ್ಮ ಸಭೆಗಳಿಗೆ ಸಾಟಿಯಿಲ್ಲ. ಆರಕ್ಕೆ ಕರೆದ ಕೂಟ ಆರು ನಲವತ್ತಕ್ಕೆ ಶುರುವಾಗುತ್ತದೆ. ಮೂವತ್ತು ಜನ ನಲವತ್ತು ನಿಮಿಷ ಕಾದರೆ ಇಪ್ಪತ್ತು ಗಂಟೆ, ಅಂದರೆ ನೀವು ವಾರವಿಡೀ ಸಭೆಗೆ ಕೊಡುವಷ್ಟು ಹೊತ್ತು, ಒಂದೇ ಸಂಜೆ ಮಣ್ಣುಪಾಲು. ಸಮಯಕ್ಕೆ ಬಂದವರಿಗೆ ಶಿಕ್ಷೆ, ತಡವಾಗಿ ಬಂದವರಿಗೆ ಸ್ವಾಗತ. ಆಮೇಲೆ ಪ್ರಪಂಚವನ್ನೆಲ್ಲ ಸುತ್ತಿ ಬರುವ ಆರಂಭದ ಪ್ರಾರ್ಥನೆ, ಅಚ್ಚಾಗಿ ಎಲ್ಲರ ಕೈಯಲ್ಲಿರುವ ಪ್ರಕಟಣೆಗಳ ಗಟ್ಟಿ ಓದು. ಇದಕ್ಕೆ ಮದ್ದು ಏನೂ ಗೂಢವಲ್ಲ. ಇಬ್ಬರಿದ್ದರೂ ಆರಕ್ಕೆ ಶುರುಮಾಡಿ, ಮುಗಿಯುವ ಗಂಟೆಯನ್ನು ಆಹ್ವಾನದಲ್ಲೇ ಬರೆಯಿರಿ, ವರದಿಗಳನ್ನು ಮೊದಲೇ ಹಂಚಿ, ತೀರ್ಮಾನ ಬೇಕಾದ ವಿಷಯವನ್ನು ಮೊದಲಿಗೆ ಇಡಿ. ಬೆಳಗಿನಿಂದ ಸಂಜೆವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಗೆ ಮಾವ ಇತ್ರೋನ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ ಎಂದ. ವಿಧವೆಯರ ಊಟದ ಹಂಚಿಕೆಯಲ್ಲಿ ದೂರು ಎದ್ದಾಗ ಅಪೊಸ್ತಲರು ಏಳು ಮಂದಿಯನ್ನು ಆರಿಸಿಕೊಳ್ಳಿ ಎಂದರು. ಅದನ್ನೂ ನಾವೇ ಮಾಡಲು ನಾಲ್ಕಕ್ಕೆ ಏಳುತ್ತೇವೆ ಎನ್ನಲಿಲ್ಲ.

ಹಾಗಾದರೆ ಯಾವುದನ್ನು ಬಿಡುವುದು? ಒಂದು ತಿಂಗಳು ನೀವು ಹೋಗದಿದ್ದರೆ ಯಾರಿಗೆ ನಷ್ಟ ಎಂದು ಪ್ರತಿಯೊಂದರ ಮುಂದೆ ಹೆಸರು ಬರೆಯಿರಿ. ಭಾನುವಾರದ ಶಾಲೆಯ ಮುಂದೆ ಮಕ್ಕಳ ಹೆಸರುಗಳು ಬರುತ್ತವೆ, ಅದು ಇರಲಿ. ಸಮಿತಿಯ ಮುಂದೆ ಬರುವುದು ಒಂದು ಖಾಲಿ ಕುರ್ಚಿ. ಅದನ್ನು ಮೊದಲು ಬಿಡಿ, ಗಾಯನದ ಒಂದು ಸಂಜೆಯನ್ನು ಆಮೇಲೆ. ಪಾಸ್ಟರಿಗೆ ಮೊದಲು ಎದುರಾಎದುರು ಹೇಳಿ, ಅದೇ ವಾರ ಪತ್ರ ಕೊಡಿ. ಪತ್ರದಲ್ಲಿ ಕೊನೆಯ ತಾರೀಖು ಇರಲಿ, ಎರಡು ತಿಂಗಳ ಆಚೆ ಸಾಕು. ಕಾರಣ ಒಂದೇ ಸಾಲು. ಕಾರಣಗಳ ಪಟ್ಟಿ ಕೊಟ್ಟರೆ ಒಂದೊಂದಕ್ಕೂ ಪರಿಹಾರ ಹುಡುಕಿಕೊಂಡು ಬರುತ್ತಾರೆ. ನಿಮ್ಮ ಬಳಿ ಇರುವ ಲೆಕ್ಕದ ಪುಸ್ತಕ, ರಸೀದಿಗಳು, ಬೀಗದ ಕೈ ಯಾರಿಗೆ ಒಪ್ಪಿಸುತ್ತೀರೆಂದೂ ಬರೆಯಿರಿ. ಬೇರೆಯವರು ಸಿಗುವವರೆಗೆ ಇರುತ್ತೇನೆ ಎಂದು ಮಾತ್ರ ಬರೆಯಬೇಡಿ, ಕುರ್ಚಿ ಖಾಲಿಯಾಗುವವರೆಗೆ ಯಾರೂ ಹುಡುಕುವುದಿಲ್ಲ. ಆಮೇಲೆ ಫೋನು ಬರುತ್ತದೆ. ಮೊದಲನೆಯದರಲ್ಲಿ ಪ್ರಾರ್ಥಿಸಿ ನೋಡಿ ಎನ್ನುತ್ತಾರೆ, ಎರಡನೆಯದರಲ್ಲಿ ನಿಮ್ಮಂಥವರೇ ಹೀಗೆಂದರೆ ಹೇಗೆ ಎನ್ನುತ್ತಾರೆ, ಮೂರನೆಯದರಲ್ಲಿ ಕೊನೇಪಕ್ಷ ವರ್ಷಾಂತ್ಯದವರೆಗೆ ಎಂದು ಚೌಕಾಸಿ ಮಾಡುತ್ತಾರೆ. ಮೂರಕ್ಕೂ ಪತ್ರದಲ್ಲಿರುವ ತಾರೀಖನ್ನೇ ಹೇಳಿ.